ಊರಿಗೆ ಬರಲು ಹೊರಟವರನ್ನು ಹಿಂದೆ ಕಳಿಸಬೇಡಿ: ಮಂಗಳೂರು–ಉಡುಪಿಯ ಸಂಸ್ಥೆಗಳಿಗೆ ನೇಮಕಾತಿ ಕೈಪಿಡಿ

ಮಂಗಳೂರು, ಉಡುಪಿಯಲ್ಲಿ ಸಂಸ್ಥೆ ನಡೆಸುವವರ ಬಾಯಲ್ಲಿ ಯಾವಾಗಲೂ ಇರುವ ಮಾತು, “ಒಳ್ಳೆ ಜನ ಸಿಗುವುದಿಲ್ಲ.” ಸುರತ್ಕಲ್, ಮಣಿಪಾಲ, ನಿಟ್ಟೆ, ಮೂಡುಬಿದಿರೆ, ದೇರಳಕಟ್ಟೆ ಎಂದು ಹೆಸರು ಹೇಳುತ್ತಾ ಹೋದರೆ ಎರಡು ಗಂಟೆಯ ದಾರಿಯೊಳಗೆ ಸಿಗುವ ಕಾಲೇಜುಗಳ ಸಾಲು ಮುಗಿಯುವುದಿಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಎಂಬ ಐದು ಬ್ಯಾಂಕುಗಳು 1906ರಿಂದ 1931ರ ಒಳಗೆ ಹುಟ್ಟಿದ್ದು ಈ ಎರಡು ಪೇಟೆಗಳಲ್ಲೇ. ಜನ ಇದ್ದಾರೆ. ನಿಮ್ಮ ಬಾಗಿಲ ತನಕ ಬಂದು ವಾಪಸು ಹೋಗುತ್ತಿದ್ದಾರೆ, ಅಷ್ಟೇ.

ಹಾಗೆ ಬಂದು ಹೋಗುವವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಐದಾರು ವರ್ಷ ದುಡಿದವರು. ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ಮಗುವನ್ನು ಶಾಲೆಗೆ ಸೇರಿಸಬೇಕು, ಮನೆಗೆ ಮರಳಬೇಕು. ಸಂಬಳ ಸ್ವಲ್ಪ ಕಡಿಮೆಯಾದರೂ ಆದೀತು ಎಂದು ಮನಸ್ಸನ್ನು ಗಟ್ಟಿಮಾಡಿಕೊಂಡೇ ಅವರು ಅರ್ಜಿ ಹಾಕಿರುತ್ತಾರೆ. ಹೀಗೆ ಅರ್ಧ ದಾರಿ ನಡೆದು ಬಂದವರು ಉಳಿದರ್ಧ ನಡೆಯದೆ ನಿಲ್ಲುವುದಕ್ಕೆ ಹಣಕ್ಕಿಂತ ಹೆಚ್ಚಾಗಿ ಕಾರಣವಾಗುವುದು ಉತ್ತರ ಬಾರದ ಫೋನು, ಸ್ಪಷ್ಟವಿಲ್ಲದ ಮಾತು, ಕಾಯಿಸುವ ರೀತಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎನ್ನುತ್ತಾರಲ್ಲ. ನಿಮ್ಮ ನೇಮಕಾತಿ ಅವರ ಕೈಗೆ ಸಿಗುವ ಆ ಒಂದು ಅಗುಳು. ಸಂದರ್ಶನಕ್ಕೇ ಮೂರು ಸಲ ದಿನ ಬದಲಾಯಿಸುವ ಕಡೆ ರಜೆ ಕೇಳಿದರೆ ಹೇಗಿರಬಹುದು ಎಂದು ಅವರು ಲೆಕ್ಕ ಹಾಕುತ್ತಾರೆ.

ಯಾವ ಹಂತದಲ್ಲಿ ಎಂಥ ತಪ್ಪು ಆಗುತ್ತದೆ, ಅದನ್ನು ತಿದ್ದುವುದು ಹೇಗೆ ಎಂಬುದನ್ನು ಕೆಳಗೆ ಬಿಡಿಸಿ ಬರೆದಿದೆ. ಹತ್ತು ಜನರ ಅಂಗಡಿಗೂ ಇನ್ನೂರು ಜನರ ಕಾರ್ಖಾನೆಗೂ ಇದು ಅನ್ವಯಿಸುತ್ತದೆ.

ಜಾಹೀರಾತು: “ಮಂಗಳೂರು” ಎಂದರೆ ಎಲ್ಲಿ?

“ಮಂಗಳೂರಿನ ಪ್ರತಿಷ್ಠಿತ ಸಂಸ್ಥೆಗೆ ಅನುಭವಿಗಳು ಬೇಕಾಗಿದ್ದಾರೆ. ಅರ್ಹತೆಗೆ ತಕ್ಕ ಆಕರ್ಷಕ ಸಂಬಳ.” ಇಂಥ ಜಾಹೀರಾತಿಗೆ ಅರ್ಜಿ ಬರುತ್ತದೆ, ರಾಶಿಯೇ ಬರುತ್ತದೆ. ಈಗಾಗಲೇ ಒಂದು ಕೆಲಸದಲ್ಲಿರುವವರು ಮಾತ್ರ ಹಾಕುವುದಿಲ್ಲ. ಹೆಸರಿಲ್ಲದ ಸಂಸ್ಥೆಗೆ ಬಯೋಡೇಟಾ ಕಳಿಸಿದರೆ ಅದು ತಮ್ಮದೇ ಧಣಿಯ ಕೈಗೆ ಸೇರಬಹುದೆಂಬ ಹೆದರಿಕೆ ಅವರಿಗಿದೆ. ನಮ್ಮಷ್ಟು ಸಣ್ಣ ಪೇಟೆಯಲ್ಲಿ ಆ ಹೆದರಿಕೆ ಸುಳ್ಳೂ ಅಲ್ಲ. ಆದ್ದರಿಂದ ಸಂಸ್ಥೆಯ ಹೆಸರು ಹಾಕಿ.

ಜಾಗ ಯಾವುದೆಂದು ನಿಖರವಾಗಿ ಹೇಳಿ. ಕಾರ್ಕಳದಿಂದ ಬರುವವರಿಗೆ ಬೈಕಂಪಾಡಿಯ ಕೆಲಸವೂ ದೇರಳಕಟ್ಟೆಯ ಕೆಲಸವೂ ಒಂದೇ ಅಲ್ಲ. ಎರಡನೆಯದಕ್ಕೆ ನಗರವನ್ನು ದಾಟಿ, ಪಂಪ್‌ವೆಲ್‌ನ ದಟ್ಟಣೆ ದಾಟಿ, ನೇತ್ರಾವತಿ ಸೇತುವೆ ದಾಟಬೇಕು. ಉಡುಪಿಯಿಂದ ಮಂಗಳೂರಿಗೆ ಸುಮಾರು 55 ಕಿಲೋಮೀಟರ್. ದಿನಾ ಹೋಗಿ ಬರುವವರು ಇದ್ದಾರೆ, ಆದರೆ ಅವರಿಗೆ ಎಕ್ಸ್‌ಪ್ರೆಸ್ ಬಸ್ಸು ನಿಲ್ಲುವ ಜಾಗ ಮತ್ತು ಸಂಜೆ ಹೊರಡುವ ಹೊತ್ತು ಎರಡೂ ಮೊದಲೇ ಗೊತ್ತಿರಬೇಕು. ರಾತ್ರಿ ಪಾಳಿಯ ಕೆಲಸವಾದರೆ ವಾಹನದ ವ್ಯವಸ್ಥೆ ಉಂಟೋ ಇಲ್ಲವೋ ಎಂಬುದನ್ನು ಜಾಹೀರಾತಿನಲ್ಲೇ ಬರೆಯಿರಿ. ರಾತ್ರಿ ಎಂಟರ ಮೇಲೆ ಒಳಗಿನ ಊರುಗಳಿಗೆ ಸರ್ವಿಸ್ ಬಸ್ಸು ಸಿಗುವುದು ಕಷ್ಟ ಎಂಬುದು ಎಲ್ಲರಿಗೂ ತಿಳಿದ ವಿಷಯ; ಸಂದರ್ಶನ ಮುಗಿಸಿ, ಆಫರ್ ಕೊಟ್ಟಾದ ಮೇಲೆ ಅದರ ಮಾತು ಬಂದರೆ ಇಬ್ಬರ ಸಮಯವೂ ಹಾಳು.

ಅರ್ಹತೆಗಳ ಪಟ್ಟಿ ಉದ್ದವಾದಷ್ಟೂ ಪ್ರಾಮಾಣಿಕರು ಹಿಂದೆ ಸರಿಯುತ್ತಾರೆ. ಹನ್ನೆರಡು ಅಂಶ ಬರೆದರೆ ಒಂಬತ್ತು ಇರುವವರು “ನನಗಲ್ಲ” ಎಂದುಕೊಳ್ಳುತ್ತಾರೆ, ನಾಲ್ಕೇ ಇರುವ ಧೈರ್ಯವಂತರು ಅರ್ಜಿ ಹಾಕುತ್ತಾರೆ. ಇದು ಇಲ್ಲದಿದ್ದರೆ ಮೊದಲ ತಿಂಗಳಲ್ಲೇ ಕೆಲಸ ನಿಂತುಹೋಗುತ್ತದೆ ಎನ್ನುವಂಥ ಮೂರೋ ನಾಲ್ಕೋ ಅಂಶಗಳನ್ನಷ್ಟೇ “ಕಡ್ಡಾಯ” ಎಂದು ಬರೆಯಿರಿ. ಉಳಿದದ್ದು “ಇದ್ದರೆ ಅನುಕೂಲ.” ಭಾಷೆಯ ವಿಷಯದಲ್ಲೂ ಹಾಗೆಯೇ. ಆಸ್ಪತ್ರೆಯ ರಿಸೆಪ್ಶನ್‌ಗೆ ತುಳು ಮತ್ತು ಮಲಯಾಳ ನಿಜವಾಗಿಯೂ ಬೇಕು, ಏಕೆಂದರೆ ಕಾಸರಗೋಡಿನ ಕಡೆಯಿಂದ ರೋಗಿಗಳು ಬರುತ್ತಾರೆ. ಗೋದಾಮಿನ ಲೆಕ್ಕ ಬರೆಯುವವರಿಗೆ ತುಳು ಕಡ್ಡಾಯ ಮಾಡಿದರೆ ಶಿವಮೊಗ್ಗದಿಂದಲೋ ಹುಬ್ಬಳ್ಳಿಯಿಂದಲೋ ಬಂದು ಇಲ್ಲೇ ನೆಲೆಸಿದ ಒಳ್ಳೆಯ ಕೆಲಸಗಾರರನ್ನು ಸುಮ್ಮನೆ ಹೊರಗಿಟ್ಟ ಹಾಗಾಗುತ್ತದೆ.

“ಅವಿವಾಹಿತ ಯುವತಿಯರು ಮಾತ್ರ”, “ನೋಡಲು ಚೆನ್ನಾಗಿರಬೇಕು” ಎಂಬ ಸಾಲುಗಳು ಇವತ್ತಿಗೂ ಅಚ್ಚಾಗುತ್ತಿವೆ. ಒಂದೇ ಬಗೆಯ ಕೆಲಸಕ್ಕೆ ನೇಮಿಸುವಾಗ ಗಂಡು ಹೆಣ್ಣೆಂಬ ಭೇದ ಮಾಡುವುದನ್ನು 1976ರ ಸಮಾನ ಸಂಭಾವನೆ ಕಾಯ್ದೆ ನಿಷೇಧಿಸಿತ್ತು. 2019ರ ವೇತನ ಸಂಹಿತೆ ಹೇಳುವುದೂ ಅದನ್ನೇ. ಕಾನೂನಿನ ಮಾತು ಹಾಗಿರಲಿ, ಆ ಸಾಲನ್ನು ಓದಿದ ಯಾವ ಸ್ವಾಭಿಮಾನಿ ಹೆಣ್ಣುಮಗಳೂ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ.

ಒಂದು ಮಾದರಿ ಹೀಗಿರಬಹುದು:

“ಬೈಕಂಪಾಡಿ ಕೈಗಾರಿಕಾ ಪ್ರದೇಶದ ನಮ್ಮ (ಇಲ್ಲಿ ಸಂಸ್ಥೆಯ ಹೆಸರು) ಆಹಾರ ಸಂಸ್ಕರಣಾ ಘಟಕಕ್ಕೆ ಹಿರಿಯ ಅಕೌಂಟೆಂಟ್ ಬೇಕಾಗಿದ್ದಾರೆ. ಕೆಲಸ: ತಿಂಗಳಿಗೆ ಸುಮಾರು 400 ಖರೀದಿ ಬಿಲ್ಲುಗಳ ನಮೂದು, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಲೆಕ್ಕದ ತಾಳೆ. ಟ್ಯಾಲಿಯಲ್ಲಿ 3 ವರ್ಷ ಸ್ವತಂತ್ರವಾಗಿ ದುಡಿದಿರಬೇಕು, ಕನ್ನಡ ಓದಿ ಬರೆಯಲು ಬರಬೇಕು. ಬೆಳಿಗ್ಗೆ 9ರಿಂದ ಸಂಜೆ 5.30; ಭಾನುವಾರ ಮತ್ತು ಎರಡನೇ ಶನಿವಾರ ರಜೆ. ತಿಂಗಳ 11 ಮತ್ತು 20ನೇ ತಾರೀಕಿನ ಹಿಂದುಮುಂದು ತಡವಾಗಬಹುದು. ಕೈಗೆ ಬರುವ ಸಂಬಳ 26,000ದಿಂದ 31,000, ಪಿಎಫ್ ಉಂಟು. ಸುರತ್ಕಲ್ ಬಸ್ಸಿನಲ್ಲಿ ಬಂದು ಇಳಿದರೆ 10 ನಿಮಿಷದ ನಡಿಗೆ. ಎರಡು ಸುತ್ತಿನ ಸಂದರ್ಶನ, ಹತ್ತು ದಿನದಲ್ಲಿ ತೀರ್ಮಾನ.”

11 ಮತ್ತು 20ನೇ ತಾರೀಕನ್ನು ಬರೆದದ್ದು ನೋಡಿ. ತಿಂಗಳಿಗೊಮ್ಮೆ ಸಲ್ಲಿಸುವ ಜಿಎಸ್‌ಟಿ ರಿಟರ್ನಿನ ಗಡುವುಗಳವು. ಕೆಲಸ ಬಲ್ಲವರಿಗೆ ಆ ಒಂದು ಸಾಲಿನಿಂದ “ಇವರಿಗೆ ಈ ಕೆಲಸ ಏನೆಂದು ಗೊತ್ತಿದೆ, ಕಷ್ಟವನ್ನೂ ಮುಚ್ಚಿಡುತ್ತಿಲ್ಲ” ಎಂಬ ನಂಬಿಕೆ ಬರುತ್ತದೆ.

ಅರ್ಜಿ ಬಂದ ಮೇಲೆ

ಎರಡು ಕೆಲಸದ ದಿನಗಳೊಳಗೆ “ಸಿಕ್ಕಿತು, ಇಂಥ ದಿನದೊಳಗೆ ತಿಳಿಸುತ್ತೇವೆ” ಎಂಬ ಉತ್ತರ ಹೋಗಲಿ, ವಾಟ್ಸ್ಆ್ಯಪ್‌ನಲ್ಲಾದರೂ ಸರಿ. ಇದಕ್ಕೆ ಒಬ್ಬರನ್ನೇ ಹೊಣೆ ಮಾಡಿ. ಮ್ಯಾನೇಜರ್, ಧಣಿಯ ಮಗ, ಆಫೀಸಿನ ಹಿರಿಯರು ಎಂದು ಮೂವರಿಗೂ ಅರ್ಜಿ ಹೋದರೆ ಮೂವರೂ ಮತ್ತೊಬ್ಬರು ನೋಡುತ್ತಾರೆ ಎಂದುಕೊಳ್ಳುತ್ತಾರೆ, ಹದಿನೈದು ದಿನ ಕಳೆದುಹೋಗುತ್ತದೆ.

ಈ ಹಂತದಲ್ಲಿ ಆಧಾರ್, ಪ್ಯಾನ್, ಅಪ್ಪನ ಉದ್ಯೋಗ, ಜಾತಿ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಬೇಡಿ. ಕೆಲಸದ ಹೆಸರಿನಲ್ಲಿ ದಾಖಲೆ ಕದಿಯುವ ವಂಚಕರ ಬಗ್ಗೆ ಜನ ಎಚ್ಚೆತ್ತಿದ್ದಾರೆ. ನಿಮ್ಮನ್ನೂ ಆ ಸಾಲಿಗೆ ಸೇರಿಸಿ ಸುಮ್ಮನಾಗುತ್ತಾರೆ. ಗುರುತಿನ ದಾಖಲೆ ಬೇಕಾಗುವುದು ಆಫರ್ ಒಪ್ಪಿದ ಮೇಲೆ.

ಸಂದರ್ಶನದ ದಿನ ಗೊತ್ತುಮಾಡುವಾಗ

ಕೆಲಸದಲ್ಲಿರುವವರು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬರಬೇಕಾದರೆ ಅಲ್ಲಿ ಸುಳ್ಳು ಹೇಳಿ ರಜೆ ಹಾಕಬೇಕು. ಎರಡು ಮೂರು ಸುತ್ತಿಗೂ ಹೀಗೆ ಕರೆದರೆ ಅವರಿಗೆ ಉಳಿಯುವ ದಾರಿ ಕೈಬಿಡುವುದೊಂದೇ. ಮೂರು ಬೇರೆ ಬೇರೆ ಹೊತ್ತು ಕೊಟ್ಟು ಆರಿಸಲು ಬಿಡಿ. ಅದರಲ್ಲಿ ಒಂದು ಸಂಜೆ ಆರರ ನಂತರದ್ದಿರಲಿ, ಒಂದು ಶನಿವಾರದ್ದಿರಲಿ. ಬ್ಯಾಂಕಿನವರನ್ನು ಕರೆಯುವುದಾದರೆ ಎರಡನೇ ಅಥವಾ ನಾಲ್ಕನೇ ಶನಿವಾರ ಸರಿಹೋಗುತ್ತದೆ, ಅಂದು ಅವರಿಗೆ ರಜೆ. ಒಂದೇ ಹೊತ್ತು ಕೊಡುವ ಪ್ರಮೇಯ ಬಂದರೆ ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತನ್ನೂ ಭಾನುವಾರ ಬೆಳಗಿನ ಚರ್ಚಿನ ಪೂಜೆಯ ಹೊತ್ತನ್ನೂ ಬಿಟ್ಟುಬಿಡಿ. ಅಭ್ಯರ್ಥಿ ಯಾವ ಧರ್ಮದವರೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಬೆಂಗಳೂರಿನಲ್ಲಿರುವವರನ್ನು ಮೊದಲ ಸುತ್ತಿಗೇ ಇಲ್ಲಿಗೆ ಕರೆಸುವುದು ದೊಡ್ಡ ತಪ್ಪು. ಅರ್ಧ ಗಂಟೆಯ ವಿಡಿಯೋ ಮಾತುಕತೆ ಸಾಕು. ಅದರಲ್ಲಿ ಹೊಂದಿಕೆ ಕಂಡರೆ ಮಾತ್ರ ಒಂದೇ ಒಂದು ಸಲ ಕರೆಸಿ, ಭೇಟಿಯಾಗಬೇಕಾದವರೆಲ್ಲರನ್ನೂ ಅಂದೇ ಭೇಟಿ ಮಾಡಿಸಿ. ರಾತ್ರಿ ಬಸ್ಸಿನಲ್ಲಿ ಬಂದವರು ಬೆಳಿಗ್ಗೆ ಇಳಿದು ಸ್ನಾನ, ತಿಂಡಿ ಮುಗಿಸಬೇಕಲ್ಲ, ಆದ್ದರಿಂದ ಹನ್ನೊಂದು ಗಂಟೆಗೆ ಕರೆಯಿರಿ. ಬಸ್ಸಿನ ಟಿಕೆಟ್ ಹಣ ಕೊಡಿ. ಒಂದು ಖಾಲಿ ಹುದ್ದೆಯಿಂದ ನಿಮಗಾಗುವ ನಷ್ಟದ ಮುಂದೆ ಅದು ಲೆಕ್ಕಕ್ಕೇ ಬಾರದು.

ಜೂನ್‌ನಿಂದ ಸೆಪ್ಟೆಂಬರ್ ತನಕ ಇನ್ನೊಂದು ಲೆಕ್ಕವಿದೆ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಬಸ್ಸು ಚಾರ್ಮಾಡಿ ಸುತ್ತಿ ಬರುತ್ತದೆ, ಅದೂ ಮುಚ್ಚಿದರೆ ಬರುವುದೇ ಇಲ್ಲ. ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ ಸಣ್ಣ ಮಕ್ಕಳಿರುವ ತಾಯಿ ಮನೆ ಬಿಟ್ಟು ಬರಲಾರಳು. ಅಂಥ ದಿನ ಅಭ್ಯರ್ಥಿಯೇ ಫೋನು ಮಾಡಿ ಕ್ಷಮೆ ಕೇಳುವಂತಾಗಬಾರದು; ಬೆಳಿಗ್ಗೆ ಎಂಟರೊಳಗೆ ನೀವೇ “ಇಂದು ವಿಡಿಯೋದಲ್ಲಿ ಮಾತಾಡೋಣ” ಎಂದು ತಿಳಿಸಿ. ಮಳೆಗೆ ತಡವಾದದ್ದನ್ನು ಶಿಸ್ತಿನ ಕೊರತೆ ಎಂದು ಬರೆದಿಟ್ಟುಕೊಂಡರೆ ನಿಮ್ಮ ಅಂದಾಜೇ ತಪ್ಪುತ್ತದೆ.

ಹತ್ತಕ್ಕೆ ಬರಹೇಳಿ ಹನ್ನೆರಡೂವರೆಗೆ ಒಳಗೆ ಕರೆಯುವ ಅಭ್ಯಾಸ ಹಲವು ಕಡೆ ಇದೆ. ಕಾರಣ ಒಂದೇ: ಕೊನೆಯ ಮಾತು ಧಣಿಯದ್ದು, ಅವರು ಬಂದರೆ ಬಂದರು. ಅವರ ಅರ್ಧ ದಿನವನ್ನು ಮುಂಚಿತವಾಗಿ ಕಾದಿರಿಸಿದ ಮೇಲೆಯೇ ಅಭ್ಯರ್ಥಿಗಳಿಗೆ ಸಮಯ ಕೊಡಿ. ಕಾಲು ಗಂಟೆ ಮೀರಿ ತಡವಾದರೆ ಹೊರಗೆ ಬಂದು ಎಷ್ಟು ಹೊತ್ತಾಗಬಹುದೆಂದು ಹೇಳಿ. ಒಟ್ಟು ಸುತ್ತುಗಳು ಎರಡು, ದೊಡ್ಡ ಹುದ್ದೆಯಾದರೆ ಮೂರು. ಅದಕ್ಕಿಂತ ಹೆಚ್ಚಾಯಿತೆಂದರೆ ತೀರ್ಮಾನ ಮಾಡುವ ಧೈರ್ಯ ನಿಮ್ಮಲ್ಲಿ ಯಾರಿಗೂ ಇಲ್ಲ ಎಂದು ಎದುರಿನವರಿಗೆ ತಿಳಿಯುತ್ತದೆ.

ಒಳಗೆ ಕರೆದ ಮೇಲೆ ಏನು ಕೇಳಬೇಕು, ಏನು ಕೇಳಬಾರದು

ಕರಾವಳಿಯಲ್ಲಿ ಮಾತು ಶುರುವಾಗುವುದೇ “ಮನೆ ಎಲ್ಲಿ, ಯಾರ ಮಗ, ಯಾವ ಬರಿ (ಗೋತ್ರದಂಥ ವಂಶದ ಹೆಸರು)” ಎಂಬಲ್ಲಿಂದ. ಮದುವೆ ಮನೆಯಲ್ಲಿ ಅದು ಆತ್ಮೀಯತೆ. ಸಂದರ್ಶನದ ಕೋಣೆಯಲ್ಲಿ ಅದೇ ಪ್ರಶ್ನೆ ಜಾತಿ ವಿಚಾರಿಸಿದಂತೆ ಕೇಳಿಸುತ್ತದೆ, ಬಹಳ ಸಲ ಅದು ಹಾಗೆಯೇ ಆಗಿರುತ್ತದೆ. ಅಭ್ಯರ್ಥಿಯ ಅಡ್ಡಹೆಸರು ತಿಳಿದ ಕೂಡಲೇ ಕೇಳುವವರ ಮುಖ ಅರಳುವುದನ್ನೋ ಬಾಡುವುದನ್ನೋ ಎದುರು ಕುಳಿತವರು ಗಮನಿಸದೆ ಇರುವುದಿಲ್ಲ. ಊರಿನ ಬಗ್ಗೆ ಕೇಳಲೇಬೇಕಿದ್ದರೆ “ದಿನಾ ಎಲ್ಲಿಂದ ಬಂದು ಹೋಗುತ್ತೀರಿ, ಪಾಳಿ ಕೆಲಸಕ್ಕೆ ತೊಂದರೆಯಾಗುವುದೇ” ಎಂದು ಕೆಲಸಕ್ಕೆ ಜೋಡಿಸಿ ಕೇಳಿ.

ಮದುವೆ ಯಾವಾಗ, ಮಕ್ಕಳು ಯಾವಾಗ, ಗಂಡ ಎಲ್ಲಿದ್ದಾರೆ, ಅತ್ತೆ ಮಾವ ಒಪ್ಪಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಗಂಡಸರಿಗೆ ಯಾರೂ ಕೇಳುವುದಿಲ್ಲ. ಹಾಗಾಗಿ ಹೆಂಗಸರಿಗೂ ಕೇಳಬೇಡಿ. “ಸಂಜೆ ಏಳರ ತನಕ ತಿಂಗಳಲ್ಲಿ ನಾಲ್ಕು ದಿನ ಇರಬೇಕಾಗುತ್ತದೆ, ಆದೀತೇ?” ಎಂದು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರೆ ನಿಮಗೆ ಬೇಕಾದ ಉತ್ತರ ಸಿಗುತ್ತದೆ.

ಹೊರಗಿನಿಂದ ಮರಳಿದವರನ್ನು “ಅಲ್ಲಿ ಬಿಟ್ಟು ಇಲ್ಲಿಗೆ ಯಾಕೆ ಬಂದದ್ದು? ಅಲ್ಲಿಂದ ತೆಗೆದರಾ?” ಎಂದು ತಪ್ಪಿತಸ್ಥರ ಹಾಗೆ ವಿಚಾರಿಸುವುದು ಬಹಳ ನೋವು ಕೊಡುವ ತಪ್ಪು. ಊರಿಗೆ ಬರುವುದಕ್ಕೆ ಸಮಜಾಯಿಷಿ ಕೇಳುವ ಹಕ್ಕು ನಮಗೆ ಯಾರಿಗೂ ಇಲ್ಲ. “ಅಲ್ಲಿ ಕಲಿತದ್ದರಲ್ಲಿ ಇಲ್ಲಿ ಏನನ್ನು ತಂದು ಹಾಕಬಹುದು?” ಎಂದು ಕೇಳಿ ನೋಡಿ; ಅದೇ ವ್ಯಕ್ತಿ ಹತ್ತು ನಿಮಿಷ ಉತ್ಸಾಹದಿಂದ ಮಾತಾಡುತ್ತಾರೆ.

ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ, ಆರು ಸಾಕು, ಎಲ್ಲರಿಗೂ ಅವೇ ಆರು. “ನಿಮ್ಮ ಶಕ್ತಿ ಏನು, ದೌರ್ಬಲ್ಯ ಏನು” ಎಂದರೆ ಬಾಯಿಪಾಠದ ಉತ್ತರ ಬರುತ್ತದೆ. ನಡೆದ ಕೆಲಸದ ಬಗ್ಗೆ ಕೇಳಿ: “ಸರಬರಾಜುದಾರರ ಬಿಲ್ಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಕಾಣಿಸದೆ ಇದ್ದಾಗ ಏನು ಮಾಡಿದಿರಿ?” “ರೋಗಿಯ ಕಡೆಯವರು ಗಲಾಟೆ ಮಾಡಿದಾಗ ಮೊದಲು ಯಾರಿಗೆ ಹೇಳಿದಿರಿ?” ಕೆಲಸ ಮಾಡಿದವರಿಗೆ ಇಂಥ ಪ್ರಶ್ನೆ ಇಷ್ಟವಾಗುತ್ತದೆ, ಮಾಡದವರು ತಡವರಿಸುತ್ತಾರೆ. ಪ್ರತಿ ಉತ್ತರಕ್ಕೂ 1ರಿಂದ 4ರ ಒಳಗೆ ಅಂಕ ಕೊಡಿ. ಮಧ್ಯದ ಅಂಕವಿಲ್ಲದ ಕಾರಣ ಹೌದೋ ಅಲ್ಲವೋ ಎಂದು ನಿರ್ಧರಿಸಲೇಬೇಕಾಗುತ್ತದೆ. ಸಂದರ್ಶಕರು ಪರಸ್ಪರ ಮಾತಾಡುವ ಮುಂಚೆಯೇ ಅಂಕ ಬರೆಯಬೇಕು. ಧಣಿ ಬಾಯಿ ತೆರೆದರೆ ಉಳಿದವರ ಅಭಿಪ್ರಾಯ ಅದಕ್ಕೆ ತಕ್ಕಂತೆ ತಿರುಗುತ್ತದೆ, ಒಳ್ಳೆಯವರು ಕೈತಪ್ಪುವುದು ಅಲ್ಲೇ.

ಒಂದು ಗಂಟೆಯಲ್ಲಿ ನಲವತ್ತೈದು ನಿಮಿಷ ನಿಮ್ಮದು, ಹದಿನೈದು ನಿಮಿಷ ಅವರದ್ದು. ಅವರು ರಜೆ, ಓವರ್‌ಟೈಮ್, ಸಂಬಳದ ತಾರೀಕು ಕೇಳಿದರೆ “ಈಗಲೇ ರಜೆ ಕೇಳುತ್ತಾರೆ” ಎಂದು ಮುಖ ಸಿಂಡರಿಸಬೇಡಿ. ಮನೆ ನಡೆಸುವವರು ಕೇಳಲೇಬೇಕಾದ ಪ್ರಶ್ನೆಗಳವು.

ಪರೀಕ್ಷೆಯ ಹೆಸರಿನಲ್ಲಿ ಪುಕ್ಕಟೆ ಕೆಲಸ

ಕೆಲಸ ಮಾಡಿಸಿ ನೋಡುವುದು ಒಳ್ಳೆಯ ಪದ್ಧತಿ, ಆದರೆ ಮಿತಿ ಬೇಕು. ಅಕೌಂಟೆಂಟ್‌ಗೆ ಮೂವತ್ತು ನಮೂದುಗಳು, ಅದರಲ್ಲಿ ಬೇಕೆಂದೇ ಹಾಕಿದ ಮೂರು ತಪ್ಪು, ನಲವತ್ತು ನಿಮಿಷ. ಸಾಫ್ಟ್‌ವೇರ್‌ನವರಿಗೆ ಎರಡು ಗಂಟೆ ಮೀರದ, ನಿಮ್ಮ ನಿಜವಾದ ಗ್ರಾಹಕರಿಗೆ ಸಂಬಂಧವಿಲ್ಲದ ಸಮಸ್ಯೆ. ಹೋಟೆಲ್ ಅಡುಗೆಯವರಿಗೆ ಮೂರು ಗಂಟೆಯ ಪಾಳಿ, ಅದಕ್ಕೆ ಕೂಲಿ ಅಂದೇ ಕೈಗೆ. ಡಿಸೈನರ್‌ನಿಂದ ಇಡೀ ಬ್ರೋಷರ್ ಮಾಡಿಸಿಕೊಂಡು, ಕೆಲಸ ಕೊಡದೆ, ಅದನ್ನೇ ಅಚ್ಚುಹಾಕಿಸಿದರೆ ಸುದ್ದಿ ಹಂಪನಕಟ್ಟೆಯಿಂದ ಮಣಿಪಾಲಕ್ಕೆ ಒಂದೇ ಸಂಜೆಯಲ್ಲಿ ತಲುಪುತ್ತದೆ. ಕಾಲೇಜಿನ ವಾಟ್ಸ್ಆ್ಯಪ್ ಗುಂಪುಗಳು ಎಷ್ಟಿವೆ!

ಸಂಬಳ: 30 ಸಾವಿರ ಎಂದರೆ ಎಷ್ಟು?

ಹೆಚ್ಚು ಜನ ಕೈತಪ್ಪುವುದು, ಮನಸ್ಸು ಮುರಿಯುವುದು ಈ ಹಂತದಲ್ಲಿ. “ವರ್ಷಕ್ಕೆ 3.6 ಲಕ್ಷ” ಎಂದು ಹೇಳಿದಾಗ ಕೇಳಿದವರ ತಲೆಯಲ್ಲಿ ಕೂರುವುದು ತಿಂಗಳಿಗೆ 30,000. ಬಾಡಿಗೆ, ಶಾಲೆಯ ಫೀಸು, ಬೈಕಿನ ಕಂತು ಎಲ್ಲವನ್ನೂ ಅದಕ್ಕೆ ಹೊಂದಿಸುತ್ತಾರೆ. ಈಗ ನಿಜ ಲೆಕ್ಕ ನೋಡಿ.

ಮೂಲ ವೇತನ 15,000 ಎಂದಿಟ್ಟುಕೊಳ್ಳೋಣ. ಸಂಸ್ಥೆ ಕಟ್ಟುವ ಪಿಎಫ್ ಶೇ 12, ಅಂದರೆ 1,800. ಗ್ರಾಚ್ಯುಟಿಗೆಂದು (ದೀರ್ಘ ಸೇವೆಯ ನಂತರ ಕೆಲಸ ಬಿಡುವಾಗ ಕೊಡುವ ಇಡಿಗಂಟು) ತೆಗೆದಿಡುವುದು ಶೇ 4.81, ಅಂದರೆ 722. ಈ ಎರಡನ್ನೂ 30,000ದ ಒಳಗೇ ಸೇರಿಸಿದ್ದರೆ ಒಟ್ಟು ವೇತನ 27,478ಕ್ಕೆ ಇಳಿಯಿತು. ಅದರಿಂದ ನೌಕರರ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಕಳೆಯಿರಿ. ಕೈಗೆ ಬರುವುದು 25,478. ಇನ್ನು ಒಟ್ಟು ಮೊತ್ತದಲ್ಲಿ ಶೇ 10 “ವರ್ಷದ ಕೊನೆಗೆ, ಸಾಧನೆ ನೋಡಿ” ಎಂದಾದರೆ ತಿಂಗಳಿಗೆ 3,000 ಹಿಂದೆ ಉಳಿಯಿತು. ಒಟ್ಟು ವೇತನ 25,000ಕ್ಕಿಂತ ಕೆಳಗೆ ಬಂದದ್ದರಿಂದ ವೃತ್ತಿ ತೆರಿಗೆ ತಪ್ಪುತ್ತದೆ, ಆದರೂ ಕೈಗೆ ಬರುವುದು 22,678. ತಲೆಯಲ್ಲಿದ್ದ 30,000ಕ್ಕೂ ಇದಕ್ಕೂ ಏಳು ಸಾವಿರಕ್ಕಿಂತ ಹೆಚ್ಚು ಅಂತರ. ಮೊದಲ ಸಂಬಳದ ದಿನ ಇದು ತಿಳಿದವರು ಎರಡನೇ ತಿಂಗಳಿಗೆ ಬೇರೆ ಕೆಲಸ ಹುಡುಕುತ್ತಿರುತ್ತಾರೆ.

ಪರಿಹಾರ ಒಂದು ಹಾಳೆ. ಮೂಲ ವೇತನ, ಭತ್ಯೆಗಳು, ಸಂಸ್ಥೆ ಕಟ್ಟುವುದು, ನೌಕರರಿಂದ ಕಡಿತವಾಗುವುದು, ಕೈಗೆ ಬರುವುದು, ಎಂದು ಐದು ಸಾಲು. ಎರಡನೇ ಸುತ್ತಿನ ಸಂದರ್ಶನದಲ್ಲೇ ಅದನ್ನು ಎದುರಿಗಿಟ್ಟು ಬಿಡಿಸಿ ಹೇಳಿ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದು ಐದು ವರ್ಷ ತುಂಬಿದ ಮೇಲೆ ಎಂಬುದನ್ನೂ ಹೇಳಿ. ಒಟ್ಟು ವೇತನ 21,000ದೊಳಗಿದ್ದು ನಿಮ್ಮಲ್ಲಿ ಹತ್ತು ಜನರಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಬರುತ್ತದೆ: ನೌಕರರಿಂದ ಶೇ 0.75, ನಿಮ್ಮಿಂದ ಶೇ 3.25. 18,000 ಸಂಬಳದವರಿಗೆ ಕಡಿತ 135 ರೂಪಾಯಿ ಮಾತ್ರ. ಅದಕ್ಕೆ ಪ್ರತಿಯಾಗಿ ಇಡೀ ಕುಟುಂಬಕ್ಕೆ ಚಿಕಿತ್ಸೆ. ಇದು ನಿಮ್ಮ ಕಡೆಯ ಬಲ. ಹೇಳಿಕೊಳ್ಳದೆ ಬಿಡುವವರೇ ಹೆಚ್ಚು.

“ಇಲ್ಲಿ ಖರ್ಚೇನುಂಟು? ಸ್ವಂತ ಮನೆ, ಮನೆ ಊಟ” ಎಂದು ಸಂಬಳ ಇಳಿಸುವ ವಾದ ಹೂಡಬೇಡಿ. ಮನೆ ಅವರದ್ದು, ಊಟ ಅವರ ಅಮ್ಮ ಹಾಕುವುದು. ಅದರ ಉಳಿತಾಯ ನಿಮ್ಮ ಪಾಲಿಗೆ ಸೇರಬೇಕಾದದ್ದಲ್ಲ. ಬೆಂಗಳೂರಿನಷ್ಟು ಕೊಡಲಾಗದಿದ್ದರೆ ನೇರವಾಗಿ ಹೇಳಿ: “ನಮ್ಮಿಂದ ಇಷ್ಟೇ ಸಾಧ್ಯ. ಆದರೆ ಆರು ಗಂಟೆಗೆ ಮನೆಗೆ ಹೊರಡಬಹುದು. ಚೌತಿಗೆ, ಕ್ರೈಸ್ತರ ಮೊಂತಿ ಫೆಸ್ತ್‌ಗೆ, ಈದ್‌ಗೆ, ಮನೆಯ ದೈವದ ನೇಮಕ್ಕೆ ರಜೆ ಇಲ್ಲ ಎನ್ನುವುದಿಲ್ಲ. ವರ್ಷದ ಕೊನೆಗೆ ಸಂಬಳ ಪರಿಶೀಲನೆ ಇಂಥ ತಿಂಗಳು.” ಹೇಳಿದ್ದನ್ನು ಬರೆದೂ ಕೊಡಿ. ಬಾಯಿಮಾತಿನ ಭರವಸೆಯನ್ನು ನಂಬಿ ಬೆಂಗಳೂರಿನ ಮನೆ ಖಾಲಿ ಮಾಡುವವರು ಯಾರಿದ್ದಾರೆ?

ಬಾಂಡ್ ಮತ್ತು ಅಸಲು ಸರ್ಟಿಫಿಕೇಟು

ಅಂಕಪಟ್ಟಿಯ ಅಸಲು ಪ್ರತಿಯನ್ನು ಇಟ್ಟುಕೊಳ್ಳುವ ಪದ್ಧತಿ ಇನ್ನೂ ಇದೆ. ಬಿಟ್ಟುಬಿಡಿ. ಅಸಲನ್ನು ನೋಡಿ, ಪ್ರತಿ ತೆಗೆದುಕೊಂಡು, ಆ ಕ್ಷಣವೇ ಹಿಂದಿರುಗಿಸಿ. ಓಡಿಹೋಗದ ಹಾಗೆ ಕಟ್ಟಿಹಾಕುವವರಲ್ಲಿಗೆ ಬೇರೆಡೆ ದಾರಿಯಿರುವವರು ಬರುವುದಿಲ್ಲ.

ಇಷ್ಟು ವರ್ಷದೊಳಗೆ ಬಿಟ್ಟರೆ ಹಣ ಕಟ್ಟಬೇಕೆಂದು ಬರೆಸಿಕೊಳ್ಳುವ ಬಾಂಡ್‌ನ ಮಾತು ಸ್ವಲ್ಪ ಬೇರೆ. ಮಂಗಳೂರಿನಲ್ಲೇ ಹುಟ್ಟಿ 2019ರಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಮೂರು ವರ್ಷದ ಸೇವಾ ಬಾಂಡ್ ಮತ್ತು 2 ಲಕ್ಷ ರೂಪಾಯಿಯ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಹಾಗೆಂದು ಪ್ರತಿ ಅಂಗಡಿಯವರೂ ಬಾಂಡ್ ಬರೆಸಿಕೊಳ್ಳಬಹುದೆಂದು ತಿಳಿಯಬಾರದು. ಸಾರ್ವಜನಿಕ ಬ್ಯಾಂಕಿನ ನೇಮಕಾತಿಯ ಖರ್ಚು, ಕ್ರಮ ಎಲ್ಲವನ್ನೂ ಅಲ್ಲಿ ಗಮನಕ್ಕೆ ತೆಗೆದುಕೊಳ್ಳಲಾಗಿತ್ತು. ಕೆಲಸ ಬಿಟ್ಟ ಮೇಲೆಯೂ ಬೇರೆ ಕಡೆ ಸೇರಬಾರದೆಂಬ ಷರತ್ತಿಗೆ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು ಅಡ್ಡ ನಿಲ್ಲುತ್ತದೆ. ನೀವು ನಿಜವಾಗಿ ಹಣ ಕೊಟ್ಟು ತರಬೇತಿಗೆ ಕಳಿಸಿದ್ದರೆ ಆ ಮೊತ್ತಕ್ಕೆ ಮಾತ್ರ, ತಿಂಗಳು ಕಳೆದಂತೆ ಇಳಿಯುತ್ತಾ ಬರುವ ಒಪ್ಪಂದ ಮಾಡಿ, ಅದನ್ನೂ ಆಫರ್‌ಗಿಂತ ಮುಂಚೆಯೇ ತೋರಿಸಿ. ಕೆಲಸಕ್ಕೆ ಸೇರಿದ ದಿನ ಸ್ಟಾಂಪ್ ಪೇಪರ್ ಮುಂದಿಡುವುದು ನಂಬಿಕೆದ್ರೋಹ.

ವಿಚಾರಿಸುವ ನೆಪದಲ್ಲಿ ಗುಟ್ಟು ರಟ್ಟು

ಅಭ್ಯರ್ಥಿಯ ಈಗಿನ ಮ್ಯಾನೇಜರ್ ನಿಮಗೆ ಗೊತ್ತಿರುತ್ತಾರೆ. ಮದುವೆಯಲ್ಲೋ ಬ್ರಹ್ಮಕಲಶದಲ್ಲೋ ಸಿಕ್ಕಾಗ “ನಿಮ್ಮವರೊಬ್ಬರು ನಮ್ಮಲ್ಲಿಗೆ ಬಂದಿದ್ದರು, ಹೇಗೆ ಜನ?” ಎಂದು ಕೇಳಿಬಿಡುವುದು ಇಲ್ಲಿ ತೀರಾ ಸಾಮಾನ್ಯ. ಮರುದಿನದಿಂದ ಆ ವ್ಯಕ್ತಿಗೆ ಅಲ್ಲಿ ಉಸಿರಾಡುವುದು ಕಷ್ಟ. ನಿಮ್ಮ ಆಫರ್ ಇನ್ನೂ ಬಂದಿರುವುದಿಲ್ಲ. ಒಬ್ಬರ ಅನ್ನದ ಪ್ರಶ್ನೆ ಇದು. ಆಫರ್ ಒಪ್ಪುವ ತನಕ ಅಭ್ಯರ್ಥಿ ತಾವೇ ಕೊಟ್ಟ ಎರಡು ಹೆಸರುಗಳನ್ನು ಬಿಟ್ಟು ಬೇರೆ ಯಾರನ್ನೂ ವಿಚಾರಿಸಬಾರದೆಂದು ನಿಯಮ ಮಾಡಿ, ಮೊದಲು ಧಣಿಗಳೇ ಅದನ್ನು ಪಾಲಿಸಲಿ.

ಆಫರ್‌ನಿಂದ ಮೊದಲ ದಿನದ ತನಕ

ಕೊನೆಯ ಸಂದರ್ಶನದಿಂದ ಮೂರು ಕೆಲಸದ ದಿನದೊಳಗೆ ಆಫರ್ ಲೆಟರ್ ಹೋಗಲಿ. “ನೀವು ಸೆಲೆಕ್ಟ್, ಲೆಟರ್ ಆಮೇಲೆ ಕೊಡುತ್ತೇವೆ, ಅಲ್ಲಿ ರಿಸೈನ್ ಮಾಡಿ ಬನ್ನಿ” ಎನ್ನುವುದು ಎಲ್ಲಕ್ಕಿಂತ ಕೆಟ್ಟ ಮಾತು. ತಿಳಿವಳಿಕೆ ಇರುವವರು ಕಾಗದ ಕೈಗೆ ಬಾರದೆ ರಾಜೀನಾಮೆ ಕೊಡುವುದಿಲ್ಲ, ಕೊಡಲೂಬಾರದು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕರ್ನಾಟಕ ಕಾಯ್ದೆಯಲ್ಲಿ ನೇಮಕಾತಿ ಆದೇಶಕ್ಕೆ ಸೇರಿದ ದಿನದಿಂದ 30 ದಿನದ ಗಡುವಿದೆ. ಆ ಗಡುವಿನ ಕೊನೆಯ ತನಕ ಕಾಯಬೇಡಿ. ಒಪ್ಪಿಗೆ ತಿಳಿಸಲು ಅವರಿಗೆ ಐದು ದಿನ ಕೊಡಿ. ಮನೆಯವರೊಂದಿಗೆ ಮಾತಾಡಬೇಕು ಎಂದರೆ ಅದನ್ನು ಅನುಮಾನದಿಂದ ನೋಡಬೇಡಿ.

ನೋಟಿಸ್ ಅವಧಿ 30ರಿಂದ 90 ದಿನ. ಈ ಕಾಲದಲ್ಲಿ ಮೌನವಾಗಿದ್ದು ಕಳೆದುಕೊಳ್ಳುವವರು ತುಂಬಾ ಜನ. ಅತ್ತ ಹಳೆಯ ಸಂಸ್ಥೆ ಸಂಬಳ ಏರಿಸಿ ನಿಲ್ಲಿಸಿಕೊಳ್ಳಲು ದಿನಾ ಮಾತಾಡುತ್ತಿರುತ್ತದೆ, ಇತ್ತ ನಿಮ್ಮಿಂದ ಒಂದು ಸಂದೇಶವೂ ಇಲ್ಲ. ಎರಡು ವಾರಕ್ಕೊಮ್ಮೆ ಮುಂದಿನ ಮೇಲಧಿಕಾರಿಯೇ ಫೋನು ಮಾಡಲಿ. ಐದು ನಿಮಿಷ ಸಾಕು. ಊರಿಗೆ ಮರಳುವವರಾದರೆ ಬಾಡಿಗೆ ಮನೆ, ಮಗುವಿನ ಶಾಲೆಯ ದಾಖಲಾತಿ ಬಗ್ಗೆ ತಿಳಿದದ್ದನ್ನು ಹೇಳಿ. ಶಾಲೆಗಳು ಜೂನ್‌ನಲ್ಲಿ ಶುರುವಾಗುವುದರಿಂದ ಮಕ್ಕಳಿರುವವರು ಏಪ್ರಿಲ್, ಮೇಯಲ್ಲಿ ಬರಲು ಇಷ್ಟಪಡುತ್ತಾರೆ; ನಡು ವರ್ಷದಲ್ಲಿ ಕರೆದರೆ ಕಷ್ಟ. ಆಟಿ ತಿಂಗಳಲ್ಲಿ (ತುಳುವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಹೊಸ ಕೆಲಸ ಶುರುಮಾಡಲು ಮನೆಯ ಹಿರಿಯರು ಬೇಡವೆಂದರೆ ಅದರ ಮುಂದಿನ ಸೋಣ ತಿಂಗಳಿಗೆ ಸೇರಲು ಬಿಡಿ. ಎರಡು ಮೂರು ವಾರದ ವಿಷಯಕ್ಕೆ ಹತ್ತು ವರ್ಷ ಇರಬಹುದಾದವರನ್ನು ಬಿಟ್ಟುಕೊಡಬೇಡಿ.

ಮೊದಲ ದಿನ ಮೇಜು, ಕಂಪ್ಯೂಟರು, ಲಾಗಿನ್, ಮಧ್ಯಾಹ್ನ ಊಟಕ್ಕೆ ಜೊತೆಯಾಗುವ ಒಬ್ಬರು, ಇಷ್ಟು ಸಿದ್ಧವಿರಲಿ. ಸೇರಿ ಮೂರೇ ದಿನಕ್ಕೆ ಬಿಟ್ಟುಹೋಗುವವರಲ್ಲಿ ಹಲವರು ಆ ಮೂರು ದಿನವೂ ಯಾರೂ ಮಾತಾಡಿಸದೆ ಒಂದು ಮೂಲೆಯಲ್ಲಿ ಕುಳಿತವರು.

ಆಯ್ಕೆಯಾಗದವರಿಗೆ

“ಆಮೇಲೆ ಹೇಳಿ ಕಳಿಸುತ್ತೇವೆ” ಎಂದು ಕಳಿಸಿ, ಮತ್ತೆ ಫೋನು ಎತ್ತದೇ ಇರುವುದು ಇಲ್ಲಿನ ವಾಡಿಕೆಯಾಗಿಬಿಟ್ಟಿದೆ. ಅವರು ಮನೆಯಲ್ಲಿ ಫೋನು ನೋಡುತ್ತಾ ಕುಳಿತಿರುತ್ತಾರೆ. ಸಂದರ್ಶನಕ್ಕೆ ಬಂದ ಪ್ರತಿಯೊಬ್ಬರಿಗೂ ವಾರದೊಳಗೆ ಉತ್ತರ ಕೊಡಿ. ಇಷ್ಟು ಬರೆದರೆ ಸಾಕು: “ಬಂದು ಮಾತಾಡಿದ್ದಕ್ಕೆ ವಂದನೆ. ಈ ಹುದ್ದೆಗೆ ರಫ್ತು ದಾಖಲೆಗಳಲ್ಲಿ ಹೆಚ್ಚು ಅನುಭವವಿರುವ ಒಬ್ಬರನ್ನು ಆರಿಸಿದ್ದೇವೆ. ನಿಮ್ಮ ಲೆಕ್ಕದ ಕೆಲಸ ನಮಗೆ ಇಷ್ಟವಾಯಿತು. ಮುಂದೆ ಸೂಕ್ತ ಜಾಗ ಬಂದರೆ ಕರೆಯಬಹುದೇ?” ಕಾರಣ ನಿಜವಾದದ್ದಿರಲಿ, ಒಂದೇ ಇರಲಿ.

ಎರಡನೇ ಸ್ಥಾನದಲ್ಲಿದ್ದವರ ಹೆಸರು, ಅಂಕ, ಒಪ್ಪಬಹುದಾದ ಸಂಬಳ, ಕೊನೆಯ ಸಲ ಮಾತಾಡಿದ ತಾರೀಕು, ಇಷ್ಟನ್ನು ಅವರ ಒಪ್ಪಿಗೆ ಕೇಳಿಕೊಂಡು ಒಂದು ಪುಸ್ತಕದಲ್ಲಿ ಬರೆದಿಡಿ. ಆಯ್ಕೆಯಾದವರು ನೋಟಿಸ್ ಅವಧಿಯ ಕೊನೆಯ ವಾರದಲ್ಲಿ “ಬರುವುದಿಲ್ಲ” ಎಂದಾಗ ಹೊಸ ಜಾಹೀರಾತಿಗೆ ಹೊರಡುವ ಮುಂಚೆ ಆ ಪುಸ್ತಕ ತೆರೆದು ಫೋನು ಮಾಡಿ. ಗೌರವದಿಂದ ಕಳಿಸಿಕೊಟ್ಟಿದ್ದರೆ ಅವರು ಎತ್ತುತ್ತಾರೆ.